ಸಾಥ್ ಕೊಟ್ಟವರ ಹೆಸರು

ಇಸಳೂರು, ಶಿರಸಿ
12 ಫೆಬ್ರುವರಿ 2025, ಬುಧವಾರ

ಪ್ರೀತಿಯ ರಯಾನ್,

ಮೊದಲು ಸುದ್ದಿ. ಮೊನ್ನೆ ಭಾನುವಾರ ನಮ್ಮ ಪತ್ರಿಕೆಯ ಪುರವಣಿಯ ಮುಖಪುಟ ಪೂರ್ತಿ ನಿನಗೆ ಮೀಸಲಾಗಿತ್ತು. ಬರೆದವರು ಬೆಂಗಳೂರಿನ ಕಾವ್ಯಶ್ರೀ ಮೇಡಂ. ಶಿರಸಿ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆಯೇ ಪ್ರತಿಗಳು ಖಾಲಿಯಾದವು ಎಂದು ತಿಳಿಸಿದವನು ಪೇಪರ್ ಅಂಗಡಿಯವನು. ನಾನು ಅಲ್ಲಿಗೆ ಎರಡನೇ ಪ್ರತಿ ಕೊಳ್ಳಲು ಹೋಗಿದ್ದೆ. ಮೊದಲನೆಯದರಲ್ಲಿ ತಪ್ಪಿದ್ದಲ್ಲೆಲ್ಲ ಗೀಟು ಹಾಕುತ್ತ ಹೋಗಿ ನಿನ್ನ ಮುಖದ ಮೇಲೂ ಒಂದು ಗೀಟು ಬಿದ್ದಿತ್ತು.

ಫೋನಿರುವಾಗ ಕಾಗದ ಏಕೆ ಎಂದು ಕೇಳಬೇಡ. ನಿನ್ನ ಫೋನ್ ಈಗ ಮ್ಯಾನೇಜರ್ ವಿಘ್ನೇಶ್ವರನ ಕೈಯಲ್ಲಿರುತ್ತದೆ. ಕಳೆದ ತಿಂಗಳು ನಾನು ‘ಊಟ ಆಯ್ತನಾ’ ಎಂದು ಮೆಸೇಜ್ ಹಾಕಿದ್ದಕ್ಕೆ ‘ಧನ್ಯವಾದಗಳು ಸರ್, ನಿಮ್ಮ ಬೆಂಬಲ ಸದಾ ಹೀಗೇ ಇರಲಿ’ ಎಂದು ಉತ್ತರ ಬಂತು. ಹಾಗಾಗಿ ಇದನ್ನು ನಿನ್ನ ಅಕ್ಕ ನುಜ್ಹತ್ ಕೈಗೆ ಕೊಡುತ್ತೇನೆ. ಶನಿವಾರ ನೀನು ಅವಳ ಮನೆಗೆ ಊಟಕ್ಕೆ ಬರುತ್ತೀಯಂತೆ.

ಲೇಖನದಲ್ಲಿ ನಾನೂ ಇದ್ದೇನೆ. ಮೂರನೇ ಕಾಲಮಿನ ಕೆಳಗೆ ‘ಸ್ಥಳೀಯ ಗೆಳೆಯರೊಬ್ಬರು ದಾರಿ ತೋರಿಸಿದರು’ ಎಂದಿದೆಯಲ್ಲ, ಅದು ನಾನು. ಅದೇ ಪತ್ರಿಕೆಗೆ ಶಿರಸಿ, ಸಿದ್ದಾಪುರದ ಸುದ್ದಿ ಕಳಿಸುತ್ತ ಏಳು ವರ್ಷ ಕಳೆದವನಿಗೆ ಆ ಪತ್ರಿಕೆಯ ಮುಖ್ಯ ಪುರವಣಿಯಲ್ಲಿ ಸಿಕ್ಕ ಮೊದಲ ಜಾಗ ಇದು. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಅದರಲ್ಲಿ ಹೆಸರಿರಲಿಲ್ಲ.

ಹೊಟ್ಟೆಕಿಚ್ಚಿಲ್ಲ ಎಂದು ಬರೆದರೆ ಸುಳ್ಳು ವರದಿಯಾಗುತ್ತದೆ. ಲೇಖನ ತೆಗೆದುಕೊಂಡು ನುಜ್ಹತ್ ಅಕ್ಕನ ಮನೆಗೆ ಹೋದೆ. ಅವಳು ಯಾರದೋ ಬ್ಲೌಸಿಗೆ ಹುಕ್ ಹಚ್ಚುತ್ತಿದ್ದಳು. ನಾನು ಓದಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ‘ಅವನ ಹೆಸರು ಬಂದದ್ದಕ್ಕೆ ಹೊಟ್ಟೆ ಉರಿಯೋ, ನಿಂದು ಬರದೇ ಇದ್ದದ್ದಕ್ಕೋ? ಮೊದಲು ಅದನ್ನು ನಕ್ಕಿ ಮಾಡು, ಆಮೇಲೆ ಚಾ ಕೊಡ್ತೆ’ ಎಂದಳು. ಎರಡಕ್ಕೂ ಎಂದೆ. ‘ಹಂಗಾರೆ ಸಕ್ಕರೆ ಜಾಸ್ತಿ ಹಾಕ್ಬೇಕು’ ಎಂದು ಒಳಗೆ ಹೋದಳು.

ಈಗ ತಪ್ಪುಗಳು. ನಿನ್ನ ‘ಮುಚ್ಚಳ’ ರ‍್ಯಾಪ್ ಹಾಡಿನ ಹಿನ್ನೆಲೆಯಲ್ಲಿ ಕೇಳುವ ತಾಳವನ್ನು ಮೇಡಂ ‘ಊರು ಬಿಟ್ಟು ಹೊರಟವರನ್ನು ಹೊತ್ತ ರೈಲಿನ ಗಾಲಿಗಳ ವಿಷಾದ’ ಎಂದು ಕರೆದಿದ್ದಾರೆ. ಶಿರಸಿಗೆ ರೈಲಿಲ್ಲ. ಸಿದ್ದಾಪುರಕ್ಕಿಲ್ಲ, ಯಲ್ಲಾಪುರಕ್ಕೂ ಇಲ್ಲ. ರೈಲು ಬೇಕೆಂದು ಕೊಟ್ಟ ಮನವಿಗಳ ಸುದ್ದಿಯನ್ನು ನಾನೇ ಎಷ್ಟೋ ಸಲ ಕಳಿಸಿದ್ದೇನೆ. ಆ ಸದ್ದು ನುಜ್ಹತ್ ಅಕ್ಕನ ಹೊಲಿಗೆ ಯಂತ್ರದ್ದು. ನಾಲ್ಕು ವರ್ಷದ ಹಿಂದೆ ಅವಳ ಹೊಲಿಗೆ ಕೋಣೆಯಲ್ಲಿ ನಾವು ಫೋನಿನಲ್ಲಿ ಹಾಡು ರೆಕಾರ್ಡ್ ಮಾಡಿಕೊಳ್ಳುವಾಗ ಅವಳು ಶಾಲೆಯ ಹುಡುಗಿಯರ ಲಂಗದ ಅಂಚು ಹೊಲಿಯುತ್ತಿದ್ದಳು. ಇದನ್ನು ಅವಳಿಗೆ ಓದಿ ಹೇಳಿದಾಗ ಸೂಜಿಯನ್ನು ಬಾಯಲ್ಲಿಟ್ಟುಕೊಂಡೇ ನಕ್ಕಳು. ‘ರೈಲಂತೆ. ಲಂಗ ಕೊಡೂದು ತಡ ಆಯ್ತು ಅಂತ ಟೀಚರ್ ಹತ್ರ ಬೈಸ್ಕಂಡದ್ದು ನಂಗೆ ಮಾತ್ರ ಗೊತ್ತು’ ಎಂದಳು.

ಮೇಡಂ ಕೆಟ್ಟವರಲ್ಲ. ಸೌಜನ್ಯದವರು. ಕೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಆದರೆ ನಿನ್ನನ್ನು ಅವರು ಕೇಳಿದ್ದೇನು ಎಂದು ನೆನಪು ಮಾಡಿಕೋ. ಸಿಟ್ಟು ಎಲ್ಲಿಂದ ಬಂತು, ಅಪ್ಪ ಏನು ಮಾಡುತ್ತಿದ್ದರು, ಮನೆಗೆ ಯಾವಾಗ ಕರೆಂಟ್ ಬಂತು. ಈ ಲೇಖನದ ಹಿಂದಿನ ವಾರ ಅದೇ ಪುಟದಲ್ಲಿ ಅವರೇ ಒಬ್ಬ ಹಿಂದೂಸ್ತಾನಿ ಗಾಯಕರ ಬಗ್ಗೆ ಬರೆದಿದ್ದರು. ಯಾವ ರಾಗ, ವಿಳಂಬಿತ ಎಷ್ಟು ಹೊತ್ತು ನಡೆಯಿತು, ತಬಲಾದವರು ಎಲ್ಲಿ ಕೈ ತಗ್ಗಿಸಿದರು ಎಂಬುದೆಲ್ಲ ಅದರಲ್ಲಿತ್ತು. ಆ ಗಾಯಕರು ಚಿಕ್ಕಂದಿನಲ್ಲಿ ಹೊಟ್ಟೆ ತುಂಬ ಉಂಡಿದ್ದರೋ ಇಲ್ಲವೋ ಎಂಬುದಿರಲಿಲ್ಲ. ನಿನ್ನದರಲ್ಲಿ ಬರೀ ಅದೇ ಇದೆ. ತಾಳದ ಬಗ್ಗೆ ಇರುವ ಒಂದೇ ವಾಕ್ಯ ಆ ರೈಲು.

ಬರೆಯುವುದಕ್ಕೆ ಇತ್ತು. ಲಂಗದ ಮೂಲೆ ಬಂದಾಗ ಬಟ್ಟೆ ತಿರುಗಿಸಲು ಅಕ್ಕ ಕಾಲು ನಿಲ್ಲಿಸುತ್ತಾಳೆ. ಯಂತ್ರದ ಸದ್ದು ಆ ಒಂದು ಕ್ಷಣ ನಿಲ್ಲುತ್ತದೆ. ನೀನು ‘ಪರಿಮಳ’ ಎಂಬ ಪದವನ್ನು ಸರಿಯಾಗಿ ಆ ಖಾಲಿಯಲ್ಲಿ ಇಟ್ಟೆ. ಯಾರೂ ಹೇಳಿಕೊಟ್ಟದ್ದಲ್ಲ. ನಾನು ಆ ಸಾಲು ಬರೆಯುವಾಗ ಅದನ್ನು ಹಾಗೆ ಹೇಳಬಹುದು ಎಂದು ನನಗೆ ಹೊಳೆದಿರಲಿಲ್ಲ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದು ಭಾನುವಾರ ಅಲ್ಲ, ಅವತ್ತೇ. ಮುಖಪುಟ ಬಂದರೂ ಆ ಜಾಗದ ಬಗ್ಗೆ ಒಂದಕ್ಷರ ಇಲ್ಲವಲ್ಲ ಎಂದು ಈಗ ಸಿಟ್ಟು. ಹೊಟ್ಟೆಕಿಚ್ಚು ಪಡುವವನಿಗೂ ಅದು ಸರಿಯಾದ ಕಾರಣಕ್ಕೆ ಇರಬೇಕು ಎಂಬ ಆಸೆ ಇರುತ್ತದೆ.

ನಮ್ಮ ಜಿಲ್ಲಾ ಪುಟದ ಪದ್ಧತಿ ನಿನಗೆ ಗೊತ್ತು. ಎಷ್ಟು ಸಲ ನಕ್ಕಿದ್ದೀಯ. ಯಾರು ಹಾಡಿದರು, ಹಾರ್ಮೋನಿಯಂನಲ್ಲಿ ಯಾರು, ತಬಲಾದಲ್ಲಿ ಯಾರು ಸಾಥ್ ನೀಡಿದರು, ಯಾರು ಸ್ವಾಗತಿಸಿದರು, ಯಾರು ವಂದಿಸಿದರು. ನಿನ್ನ ಮೊದಲ ಕಾರ್ಯಕ್ರಮದ ವರದಿ ಕಳಿಸಿದಾಗ ಹುಬ್ಬಳ್ಳಿ ಡೆಸ್ಕಿನ ಮಂಜಪ್ಪ ಸರ್ ಫೋನ್ ಮಾಡಿ, ‘ರ‍್ಯಾಪೋ ಗೀಪೋ, ನಂಗೆ ತಿಳಿಯಂಗಿಲ್ಲ. ಸಾಥ್ ಯಾರಪಾ? ಅದಿಲ್ಲಂದ್ರ ವರದಿ ಹೆಂಗ ಆಕ್ಕೈತಿ? ನಾಳೆ ಮುಂಜಾನೆ ಹಾರ್ಮೋನಿಯಂನವ ಆಫೀಸ್ ಬಾಗಲದಾಗ ನಿಂತಿರ್ತಾನ’ ಎಂದಿದ್ದರು. ಹಾರ್ಮೋನಿಯಂ ಇರಲೇ ಇಲ್ಲ, ಫೋನಿನಿಂದ ಹಾಕಿದ ಹೊಲಿಗೆ ಯಂತ್ರದ ಸದ್ದಷ್ಟೇ ಎಂದರೂ ಬಿಡಲಿಲ್ಲ. ಕೊನೆಗೆ ‘ಹೊಲಿಗೆ ಯಂತ್ರದಲ್ಲಿ ನುಜ್ಹತ್ ಸಾಥ್ ನೀಡಿದರು’ ಎಂದು ಅಚ್ಚಾಯಿತು. ನೀನು ಅದರ ಫೋಟೊ ತೆಗೆದು ಎಲ್ಲರಿಗೂ ಕಳಿಸಿ ನಗಾಡಿದೆ. ಈಗ ಎರಡೂ ವರದಿ ಪಕ್ಕದಲ್ಲಿಟ್ಟು ನೋಡು. ಜಿಲ್ಲಾ ಪುಟದ ನಾಲ್ಕು ಸಾಲಿನಲ್ಲಿ ಅಕ್ಕ ಇದ್ದಾಳೆ. ಮುಖಪುಟದಲ್ಲಿ ಇಲ್ಲ.

ಹಸಿವಿನ ವಿಷಯ ಕೊನೆಗೆ ಇಟ್ಟುಕೊಂಡಿದ್ದೆ.

‘ಮುಚ್ಚಳ ತೆಗೆದವ ನೀನು, ಪರಿಮಳ ಉಂಡವ ನಾನು,
ಬೆಂಚಿನ ಆ ತುದಿ ಊಟ, ಈ ತುದಿ ಬರಿ ನೋಟ.’

ಇದನ್ನು ಲೇಖನದ ನಡುವೆ ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ. ಕೆಳಗೆ ‘ಒಲೆ ಹೊತ್ತದ ಮನೆಯಲ್ಲಿ ಬೆಳೆದ ರಯಾನ್, ಉಂಡ ಸಮಾಜದತ್ತ ಬೆರಳು ತೋರಿಸುತ್ತಾರೆ’ ಎಂದು. ರಯಾನ್, ಆ ಬೆಂಚಿನ ಈ ತುದಿಯಲ್ಲಿ ಕೂತವನು ನಾನು. ಆ ತುದಿಯಲ್ಲಿ ನೀನು. ಶಿರಸಿ ಕಾಲೇಜಿನ ಮೊದಲ ದಿನ. ನೀನು ಅಕ್ಕನ ಮನೆಯಲ್ಲಿ ಉಳಿದಿದ್ದೆ, ಡಬ್ಬಿಯಲ್ಲಿ ರೊಟ್ಟಿ, ಮೊಟ್ಟೆ ಪಲ್ಯ. ನಾನು ನಮ್ಮೂರು ಕೋಲಸಿರ್ಸಿಯಿಂದ ಬೆಳಗಿನ ಬಸ್ಸು ಹಿಡಿದು, ಸಿದ್ದಾಪುರದಲ್ಲಿ ಇನ್ನೊಂದು ಹತ್ತಿ ಬಂದವನು. ನಮ್ಮ ಮನೆಯಲ್ಲಿ ಅಕ್ಕಿ ಇಲ್ಲದ್ದಲ್ಲ. ಅವ್ವ ದ್ಯಾವಮ್ಮ ಮುಂಜಾನೆಯ ಗದ್ದೆ ಕೆಲಸ ಮುಗಿಸಿ ಬಂದು ಒಲೆ ಹೊತ್ತಿಸುವ ಹೊತ್ತಿಗೆ ಬಸ್ಸು ಹೋಗಿರುತ್ತಿತ್ತು, ಅಷ್ಟೇ. ಮೇಡಂ ಬರೆದಷ್ಟು ದೊಡ್ಡ ಹಸಿವಲ್ಲ ಅದು. ಬಸ್ಸಿನ ವೇಳೆಯಿಂದ ಆದದ್ದು. ಆದರೆ ನನ್ನದು. ನೀನು ಹಾಡಿದೆ, ಒಳ್ಳೆಯದೇ ಆಯಿತು. ಹೆಸರು ಬಂತು, ಬರಲಿ. ಹಸಿವು ಕೂಡ ನಿನ್ನ ಹೆಸರಿನಲ್ಲೇ ಅಚ್ಚಾಗಬೇಕೇ?

ಸಂದರ್ಶನದ ದಿನ ಕಿರವತ್ತಿಯ ಢಾಬಾದಲ್ಲಿ ಮೇಡಂ ನಿನ್ನನ್ನು ಕೇಳಿದರು, ‘ಈ ಹಾಡಿನ “ನೀನು” ಯಾರು?’ ಎಂದು. ನಾನು ಎದುರಿಗೇ ಇದ್ದೆ, ಕ್ಯಾಮೆರಾದವನ ಬ್ಯಾಗು ತೊಡೆಯ ಮೇಲಿತ್ತು. ನೀನು ನನ್ನ ಮುಖ ನೋಡಿದೆ. ಹೇಳುತ್ತೀಯ ಎಂದುಕೊಂಡೆ. ನಗುತ್ತ, ‘ಆ “ನೀನು” ನಾನೇ ಮೇಡಂ, ಬರೆದವ ಇವ’ ಎನ್ನುತ್ತೀಯ ಎಂದು ಕಾದೆ. ನೀನು ರೊಟ್ಟಿ ಮುರಿದು, ‘ಎಲ್ಲರೂ’ ಎಂದೆ. ಅವರು ಅದನ್ನು ಬರೆದುಕೊಂಡು ಕೆಳಗೆ ಎರಡು ಗೀಟು ಎಳೆದರು. ಅಷ್ಟು ಚೆನ್ನಾಗಿತ್ತು ಉತ್ತರ. ನಾನು ಬರೆಯುವವ, ನನಗೂ ಅಂಥದ್ದು ಹೊಳೆಯುತ್ತಿರಲಿಲ್ಲ. ಆಮೇಲೆ ನೀನು ನಾಲ್ಕು ರೊಟ್ಟಿ ತಿಂದೆ. ಅದು ‘ಪ್ರತಿ ತುತ್ತನ್ನೂ ಗೌರವಿಸುವವನಂತೆ ಮೌನವಾಗಿ ಉಂಡರು’ ಎಂದು ಅಚ್ಚಾಗಿದೆ. ನಿನಗೆ ಹೇಳಲು ಮಾತಿರಲಿಲ್ಲ, ಅದಕ್ಕೇ ಮೌನ.  ಅವರು ನನ್ನ ಅಭಿಪ್ರಾಯ ಕೇಳಿದಾಗ ‘ಹಾಡು ಚೆನ್ನಾಗಿದೆ’ ಎಂದಷ್ಟೇ ಹೇಳಿದೆ. ಬರೆದವ ಯಾರು ಎಂಬುದು ನಾನೇ ಹೇಳಬೇಕಾದ ಮಾತಲ್ಲ, ನೀನು ಹೇಳಬೇಕಾದದ್ದು.

ಇಷ್ಟೇ ಆಗಿದ್ದರೆ ಹೊಟ್ಟೆಕಿಚ್ಚು ನನ್ನ ಹೊಟ್ಟೆಯಲ್ಲೇ ಇರುತ್ತಿತ್ತು. ಸೋಮವಾರ ಯಲ್ಲಾಪುರಕ್ಕೆ ಒಂದು ಸಭೆಯ ವರದಿಗೆ ಹೋದವನು ನಿಮ್ಮ ಲಾರಿ ಆಫೀಸಿಗೆ ಹೋದೆ. ಪುರವಣಿ ಮೇಜಿನ ಮೇಲಿತ್ತು, ನಿನ್ನ ಫೋಟೊ ಒಳಗಡೆ ಬರುವ ಹಾಗೆ ಮಡಚಿಟ್ಟಿದ್ದರು. ನಿನ್ನ ಅಬ್ಬಾ ಹಯಾತ್ ಚಾಚಾ ನನ್ನನ್ನು ಕೂರಿಸಿಕೊಂಡು, ‘ಲೇ ಉಲ್ಲಾಸ, ನೀ ಪೇಪರಿನವ. ಖರೇ ಹೇಳು. ನಮ್ಮ ಮನ್ಯಾಗ ಯಾವತ್ತು ಒಲಿ ಹೊತ್ತಿಲ್ಲ?’ ಎಂದರು. ಮೂರು ಲಾರಿ ಇಟ್ಟ ಮನುಷ್ಯ. ತಿಂಗಳಿಗೊಮ್ಮೆ ಮಗಳ ಮನೆಗೆ ಅಕ್ಕಿಚೀಲ ತಾವೇ ಇಳಿಸಿ ಹೋಗುತ್ತಿದ್ದವರು. 

ಅವರ ಡ್ರೈವರ್ ಹೊರಗೆ ಬಂದು ನನಗೆ ಉಳಿದದ್ದನ್ನು ಹೇಳಿದ. ಬೆಳಿಗ್ಗೆ ಚಹಾದಂಗಡಿಯಲ್ಲಿ ಯಾರೋ ಎರಡು ಬನ್ ಮುಂದಿಟ್ಟು, ‘ತಗೋರಿ ಸಾಹೇಬ್ರ, ಒಂದು ನಿಮಗ, ಒಂದು ಮಗಗ ಕಳಸ್ರಿ, ಪಾಪ ಹಸದಾನಂತ’ ಎಂದಿದ್ದರಂತೆ. ಎಲ್ಲರೂ ನಕ್ಕರಂತೆ. ಚಾಚಾ ಅಲ್ಲಿದ್ದವರೆಲ್ಲರ ಚಹಾದ ದುಡ್ಡು ತಾವೇ ಕೊಟ್ಟು ಎದ್ದು ಬಂದರಂತೆ. ಆಗಿನಿಂದ ಆಫೀಸಿಗೇ ಚಹಾ ತರಿಸಿಕೊಳ್ಳುತ್ತಿದ್ದಾರಂತೆ. ಈ ಭಾನುವಾರ ನಿನ್ನ ಕಾರ್ಯಕ್ರಮಕ್ಕೆ ಶಿರಸಿಗೆ ಬರುವುದಿಲ್ಲ ಎಂದು ನನ್ನೆದುರೇ ಹೇಳಿದರು. ‘ಅಲ್ಲಿ ನಾ ಕುಂತ್ರ ಮಂದಿ ಅವನ ಹಾಡು ಕೇಳಂಗಿಲ್ಲ, ನನ್ನ ಮಾರಿ ನೋಡ್ತಾರ’ ಎಂದರು.

ತಿದ್ದುಪಡಿ ಬರೆದೆ. ನಮ್ಮ ಪತ್ರಿಕೆ ತಪ್ಪು ಒಪ್ಪಿಕೊಳ್ಳುವುದು ಎರಡು ಸಾಲಿನಲ್ಲಿ, ಒಳಪುಟದ ಮೂಲೆಯಲ್ಲಿ. ‘ರೈಲು ಎಂದಿರುವಲ್ಲಿ ಹೊಲಿಗೆ ಯಂತ್ರ ಎಂದೂ, ರಯಾನ್ ಅವರ ಹಸಿವು ಎಂದಿರುವಲ್ಲಿ ಉಲ್ಲಾಸ ಅವರ ಹಸಿವು ಎಂದೂ ಓದಿಕೊಳ್ಳಬೇಕು.’ ಬರೆದು ಓದಿದೆ. ನನಗೇ ನಗು ಬಂತು. ಕಳಿಸಲಿಲ್ಲ. ಕಳಿಸಿದರೆ ನಾಳೆ ಇದೇ ಬರೆಯುವವರು ನಿನ್ನನ್ನು ‘ನಕಲಿ’ ಎನ್ನುತ್ತಾರೆ. ಮೂರು ಲಾರಿಯ ಮನೆಯ ಹುಡುಗ ಹಸಿವು ಹಾಡಿದ ಎಂದು ಇನ್ನೊಂದು ಮುಖಪುಟ ಮಾಡುತ್ತಾರೆ. ಹಾಡುವವನು ಬೇರೆ, ಬರೆದವನು ಬೇರೆ ಇದ್ದರೆ ಉಳಿದ ಸಂಗೀತದಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ರ‍್ಯಾಪ್ ಹಾಡುವವ ಮಾತ್ರ ತನ್ನ ಬಡತನದ ದಾಖಲೆ ತಂದು ತೋರಿಸಬೇಕು. ಆ ಅನ್ಯಾಯ ನಿನಗೂ ಆಗಿದೆ, ಅದು ನನಗೆ ಗೊತ್ತು. ಆದರೆ ನೀನು ಅವರು ಕೇಳಿದ ದಾಖಲೆಯನ್ನು ಕೊಟ್ಟೆ. ನನ್ನದನ್ನು.

ಮೊನ್ನೆ ರಾತ್ರಿ ನೀನು ಫೋನ್ ಮಾಡಿದೆ, ನಿನ್ನದೇ ಧ್ವನಿಯಲ್ಲಿ. ಲೇಖನ ನೋಡಿದೆಯಾ ಎಂದು ಕೇಳುತ್ತೀಯ ಎಂದುಕೊಂಡೆ. ‘ಇನ್ನೊಂದು ಹಸಿವಿಂದು ಬರ್ಕೊಡು ಮಾರಾಯ, ಭಾನುವಾರ ಹೊಸ ಚರಣ ಹಾಡ್ಬೇಕು. ಮೇಡಂಗೆ ಅದೇ ಹಿಡ್ಸಿದ್ದು’ ಎಂದೆ. ಆ ಬೆಂಚಿನ ಮರುದಿನ ಏನಾಯಿತು ಅಂತ ಬರೆಯುತ್ತೇನೆ, ಊಟ ಸಿಕ್ಕಿದ್ದು ಬರೆಯುತ್ತೇನೆ ಎಂದೆ ನಾನು. ‘ಹೊಟ್ಟೆ ತುಂಬಿದ್ಮೇಲಿನ ಪದ ಯಾರು ಕೇಳ್ತಾರೆ?’ ಎಂದೆ ನೀನು. ಬರೆಯುವುದಿಲ್ಲ ಎಂದು ಫೋನ್ ಇಟ್ಟೆ.

ಈಗ ನಿನಗೆ ಗೊತ್ತಿಲ್ಲದ ವಿಷಯ. ಕಾವ್ಯಶ್ರೀ ಮೇಡಂ ಭಾನುವಾರ ಬರುತ್ತಿಲ್ಲ. ಶಿರಸಿ ಕಾರ್ಯಕ್ರಮದ ವಿಮರ್ಶೆಯನ್ನು ನನಗೆ ಬರೆಯಲು ಹೇಳಿದ್ದಾರೆ. ಎಲ್ಲ ಆವೃತ್ತಿಗಳಿಗೂ, ಹೆಸರು ಸಹಿತ. ಮಂಜಪ್ಪ ಸರ್ ಫೋನಿನಲ್ಲಿ ಹೇಳಿದ್ದು ಇಷ್ಟೇ, ‘ಸಾಥ್ ಮರೀಬ್ಯಾಡ.’

ನಾವು ಹೇಗೆ ಕೆಲಸ ಮಾಡುತ್ತೇವೆ ಎಂದು ನಿನಗೆ ತಿಳಿದಿದೆ. ಪುಟ ಬೇಗ ಮುಗಿಯುತ್ತದೆ, ಆಮೇಲೆ ಬಂದ ಸುದ್ದಿಗೆ ಜಾಗ ಇಲ್ಲ. ಆಮಂತ್ರಣ ಪತ್ರಿಕೆ ನೋಡಿ ಸಂಜೆಯೇ ವರದಿ ಕಳಿಸಿ, ಆಮೇಲೆ ಕಾರ್ಯಕ್ರಮಕ್ಕೆ ಹೋಗುತ್ತೇವೆ. ಸ್ವಾಗತ ಆಗುವ ಮೊದಲೇ ವಂದನಾರ್ಪಣೆ ಅಚ್ಚಿಗೆ ಹೋಗಿರುತ್ತದೆ. ಕಳೆದ ವರ್ಷ ಸಿದ್ದಾಪುರದಲ್ಲಿ ಬಾರದೇ ಇದ್ದ ಅತಿಥಿಯ ಭಾಷಣವನ್ನು ನಾನು ವರದಿ ಮಾಡಿದ್ದೆ. ಅವರೇ ಫೋನ್ ಮಾಡಿ, ಮಾತು ಚೆನ್ನಾಗಿತ್ತು ಎಂದರು. ಈ ಸಲ ಹಾಗೆ ಮಾಡುವುದಿಲ್ಲ. ನಡೆದದ್ದನ್ನು ನೋಡಿಯೇ ಬರೆಯುತ್ತೇನೆ. ವೇದಿಕೆಯ ಮೇಲೆ ನೀನು ಹೇಳಿದ್ದಷ್ಟೇ ವರದಿಯಲ್ಲಿ ಇರುತ್ತದೆ. ಹೇಳದ್ದನ್ನು ನಾನು ಸೇರಿಸುವುದಿಲ್ಲ, ನನ್ನ ಹೆಸರನ್ನಂತೂ ಸೇರಿಸುವುದಿಲ್ಲ.

ಹಾಡು ಶುರು ಮಾಡುವ ಮೊದಲು ಮೂರು ಮಾತು ಹೇಳು. ಪದ ಯಾರದ್ದು, ಯಂತ್ರ ಯಾರದ್ದು, ಡಬ್ಬಿಗೆ ಅಕ್ಕಿ ಬಂದದ್ದು ಯಾರ ಲಾರಿಯಲ್ಲಿ. ನಕಲಿ ಎನ್ನುವವರು ಅನ್ನಲಿ. ನೀನೇ ಹೇಳಿದರೆ ಅವರಿಗೆ ಪತ್ತೆ ಮಾಡಲು ಏನೂ ಉಳಿಯುವುದಿಲ್ಲ. ಮೂರರಲ್ಲಿ ಒಂದನ್ನು ಬಿಡಲೇಬೇಕು ಎಂದಾದರೆ ನನ್ನದನ್ನು ಬಿಡು. ಇದನ್ನು ಬರೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಬೇಡ.

ಇಂತಿ,
ನಿನ್ನ ಸ್ಥಳೀಯ ಗೆಳೆಯ,
ಉಲ್ಲಾಸ

ತಾ.ಕ.: ಚರಣ ಬರೆಯುವುದಿಲ್ಲ ಎಂದಿದ್ದೆ. ಬರೆದಿದ್ದೇನೆ. ಮಾರನೇ ದಿನದ್ದು.

‘ಮರುದಿನ ಡಬ್ಬಿಗೆ ಎರಡನೆ ಖಾನೆ, ಕೇಳಲೇ ಇಲ್ಲ ನಾನೇ,
ಅಕ್ಕನ ಕೈಯ ರೊಟ್ಟಿಯ ಎಣಿಕೆ, ತಪ್ಪಿತು ಬೇಕಂತಾನೆ.’

‘ಎಣಿಕೆ’ ಆದ ಮೇಲೆ ಯಂತ್ರ ನಿಲ್ಲುತ್ತದೆ. ಅಲ್ಲಿ ಉಸಿರು ತೆಗೆದುಕೋ. ಹುಬ್ಬಳ್ಳಿಯ ಕಾರ್ಯಕ್ರಮದಲ್ಲಿ ನಿನಗೆ ಉಸಿರು ಸಾಲಲಿಲ್ಲ. ನಾನು ಟಿಕೆಟ್ ಕೊಂಡು ಹಿಂದೆ ನಿಂತಿದ್ದೆ.

ಇನ್ನೊಂದು. ವರದಿ ಮೊದಲೇ ಕಳಿಸುವ ಅಭ್ಯಾಸ ಪೂರ್ತಿ ಬಿಟ್ಟಿಲ್ಲ. ಸೋಮವಾರ ಲಾರಿ ಆಫೀಸಿನಿಂದ ಏಳುವಾಗ, ಮಗ ಭಾನುವಾರ ಎಲ್ಲರೆದುರು ಅಬ್ಬಾನ ಹೆಸರು ಹೇಳುತ್ತಾನೆ, ನನಗೆ ಅವನೇ ತಿಳಿಸಿದ್ದಾನೆ ಎಂದು ಚಾಚಾಗೆ ಹೇಳಿಬಂದಿದ್ದೇನೆ. ಇವತ್ತು ಅಕ್ಕನಿಗೆ ಅವರ ಫೋನ್ ಬಂತಂತೆ, ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿದ್ದಾರಂತೆ. ಮುಂದಿನ ಸಾಲಿನಲ್ಲಿ ಅವರಿಗೂ ಅಕ್ಕನಿಗೂ ಎರಡು ಕುರ್ಚಿ ಇಡಿಸಿದ್ದೇನೆ. ಕಾರ್ಯಕ್ರಮ ಭಾನುವಾರ ಸಂಜೆ ಆರೂವರೆಗೆ. ಪುಟ ಮುಗಿಯುವುದು ಎಂಟೂವರೆಗೆ.